ನಾಳೆ ಬಾ ಅನ್ನದ ಮೆಕ್ಯಾನಿಕ್

ಅವರು ತೀರಿಕೊಂಡ ಸುದ್ದಿ ನನಗೆ ಒಂದು ದಿನ ತಡವಾಗಿ ಬಂತು. ಅವರ ಶೆಡ್ಡಿನ ಪಕ್ಕದ ಲೇತ್ ಅಂಗಡಿಯವರು ಫೋನ್ ಮಾಡಿ, "ನೆನ್ನೆ ಬೆಳಗ್ಗೆ ಓದ್ರು ಮೇಷ್ಟ್ರೇ. ಸಾಯಂಕಾಲಕ್ಕೇ ಮಣ್ಣು ಮಾಡಿದ್ವಿ. ನಿಮ್ಮ ನಂಬರು ಅವರ ಡೈರೀಲಿತ್ತು, ಡೈರಿ ಇವತ್ತು ಸಿಕ್ತು" ಎಂದರು. ಯಾರ್ಯಾರು ಬಂದಿದ್ದರು ಎಂದು ಕೇಳಿದೆ. ನಾಲ್ಕು ಹೆಸರು ಹೇಳಿ, "ಅರಕಲಗೂಡಿನ ಆ ವ್ಯಾನಿನವನು ಎಗಲು ಕೊಟ್ಟ. ಒಡಹುಟ್ಟಿದೋನಂಗೆ ಅತ್ಬುಟ್ಟ" ಎಂದರು. ನಾನು ಫೋನ್ ಇಟ್ಟು ಕುರ್ಚಿಯ ಮೇಲೆ ಕೂತೆ. ಎದುರಿಗೆ ಮೇಜಿನ ಮೇಲೆ ಅವರು ನನ್ನ ಕೈಗೆ ಕೊಟ್ಟಿದ್ದ ಅಡಿಕೆ ಡಬ್ಬಿ ಇತ್ತು. ಅದು ಆ ವ್ಯಾನಿನವನಿಗೆ ಸೇರಬೇಕಾದದ್ದು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅರಕಲಗೂಡಿನ ಕಡೆಯ ಒಂದು ಮನೆಯ ಹೆಸರೂ ತಾನಾಗಿ ಹೊರಬೀಳುತ್ತದೆ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ತಗಡಿನ ಶೆಡ್ಡಿನಲ್ಲಿ ಒಬ್ಬರೇ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ಕು ಎಂದರೆ ಸಾಕು. ಶಾಂತಿಗ್ರಾಮದ ಹತ್ತಿರದ ಒಕ್ಕಲು ಮನೆತನದವರು. ಅಣ್ಣತಮ್ಮಂದಿರು ಹೊಲ ನೋಡಿಕೊಂಡರು, ಇವರು ಇಂಜಿನ್ ಹಿಡಿದರು.

ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳುತ್ತಿದ್ದೆ. ಮನೆ ಹಾಸನದಲ್ಲಿ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಬೇರೆ ಯಾರೋ ಆರೇಳು ವರ್ಷ ಓಡಿಸಿ ಸುಸ್ತು ಮಾಡಿದ್ದ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದೆ. ಕೊಂಡ ಎರಡನೇ ತಿಂಗಳಿಗೆ ಅದರ ಮುಂದಿನ ಫಲಕದಲ್ಲಿ ಇಂಜಿನ್ನಿನ ಚಿತ್ರವಿರುವ ಹಳದಿ ದೀಪ ಹತ್ತಿಕೊಂಡಿತು, ಆರಲೇ ಇಲ್ಲ. ಹಿಂದಿನಿಂದ ಕಪ್ಪು ಹೊಗೆ. ಪೆಟ್ರೋಲನ್ನಂತೂ ನೀರಿನ ಹಾಗೆ ಕುಡಿಯುತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನವನೊಬ್ಬ, "ಅದಕ್ಕೇನು ಸಾ, ಬಲ್ಬ್ ಕಿತ್ತಾಕ್ತೀನಿ, ನೆಮ್ಮದಿಯಾಗಿರಿ" ಎಂದಿದ್ದ. ನಾನೂ ಒಪ್ಪಿಕೊಳ್ಳುವವನೇ ಇದ್ದೆ. ಆದರೆ ಹೋದ ದಿನ ಅವನ ಅಂಗಡಿ ಬಾಗಿಲು ಹಾಕಿತ್ತು, ಹಾಗಾಗಿ ಈ ಶೆಡ್ಡಿಗೆ ಬಂದೆ. ಭೌತಶಾಸ್ತ್ರದ ಮೇಷ್ಟರ ವಿವೇಕ ಅಷ್ಟರಮಟ್ಟಿನದು.

"ಈ ದೀಪ ಒಂದು ಆರಿಸಿಕೊಡಿ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮನೇಲಿ ದೀಪ ಆರ್ಸು ಅಂತೀರಾ?"

"ಇಲ್ಲಪ್ಪ. ಶಾಂತ ಮಾಡು ಅಂತೀವಿ."

"ಅಂಗಾದ್ರೆ ಇಲ್ಲೂ ಶಾಂತೀನೇ ಮಾಡ್ಬೇಕು. ಯಾಕೆ ಅತ್ಕಂಡೈತೆ ಅಂತ ನೋಡ್ದೆ ಆರ್ಸಕಾಗಲ್ಲ."

ಮಾತು ಒರಟು, ಕೈ ಮಾತ್ರ ಬಹಳ ಮೆದು. ಯಾವ ಗಾಡಿ ಬಂದರೂ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು, ಮಗುವಿಗೆ ಜ್ವರ ನೋಡುವ ಹಾಗೆ. ಆಮೇಲೆ ಚಾಲಕನ ಸೀಟಿನಲ್ಲಿ ಕೂತು, ಇಂಜಿನ್ ಚಾಲೂ ಮಾಡದೆ ಕೀಲಿಯನ್ನು ಅರ್ಧ ತಿರುಗಿಸುವರು. ಫಲಕದ ದೀಪಗಳೆಲ್ಲ ಒಮ್ಮೆ ಹತ್ತಬೇಕು. ಚಾಲೂ ಆದ ಮೇಲೆ ಒಂದೊಂದಾಗಿ ಆರಬೇಕು. "ಎಲ್ಲಾ ಕಣ್ಣೂ ಬುಡಬೇಕು, ಆಮೇಲೆ ಮುಚ್ಬೇಕು" ಎನ್ನುತ್ತಿದ್ದರು. ಮೊದಲೇ ಕಣ್ಣು ಬಿಡದ ದೀಪವಿದ್ದರೆ ಅವರ ಮುಖ ಬಿಗಿಯುತ್ತಿತ್ತು. "ಉರಿಯೋ ದೀಪಕ್ಕೆ ಎದ್ರಬ್ಯಾಡಿ ಮೇಷ್ಟ್ರೇ. ಉರೀದೇ ಇರೋ ದೀಪಕ್ಕೆ ಎದ್ರಿ." ಇದನ್ನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದೆನೋ. ಪಾಠ ಒಪ್ಪಿಸುವ ಹುಡುಗರ ಹಾಗೆ ಹೇಳುತ್ತಿರಲಿಲ್ಲ, ಪ್ರತಿ ಸಲವೂ ಹೊಸದಾಗಿ ಹೆದರಿ ಹೇಳುತ್ತಿದ್ದರು.

ಸೆನ್ಸರ್ ಎನ್ನುವುದು ಅವರ ಬಾಯಲ್ಲಿ ಸೆನ್ಸಾರ್. ಮೇಷ್ಟರ ಚಟ, ಒಂದು ದಿನ ತಿದ್ದಲು ಹೋದೆ. "ಸೆನ್ಸಾರ್ ಅಂದರೆ ಸಿನಿಮಾದ್ದು. ಇದು ಸೆನ್ಸರ್."

"ವ್ಯತ್ಯಾಸ ಏನು?"

"ಅದು ಸಿನಿಮಾ ಕಟ್ ಮಾಡುತ್ತೆ."

"ಇದನ್ನ ಜನ ಕಟ್ ಮಾಡ್ತಾರೆ. ಅಷ್ಟೇ ತಾನೇ?" ಎಂದು ಮತ್ತೆ ಬಗ್ಗಿದರು. ಅಲ್ಲಿಂದ ಮುಂದೆ ನಾನೂ ಸೆನ್ಸಾರ್ ಎಂದೇ ಅನ್ನತೊಡಗಿದೆ.

ನನ್ನ ಕಾರಿನಲ್ಲಿ ಕೆಟ್ಟಿದ್ದು ಇಂಜಿನ್ನಿನ ಬಿಸಿ ಅಳೆಯುವ ಸೆನ್ಸಾರು. ಹೆಬ್ಬೆರಳಿನ ಅರ್ಧದಷ್ಟು ಹಿತ್ತಾಳೆ ತುಂಡು. ಅದನ್ನು ಬಿಚ್ಚಿ, ಟೀ ಕಾಯಿಸುವ ಪಾತ್ರೆಯ ನೀರಿಗೆ ಇಳಿಬಿಟ್ಟು, ಸ್ಟೋವ್ ಹಚ್ಚಿ, ಮೀಟರಿನ ಎರಡು ಕಡ್ಡಿ ತಾಗಿಸಿದರು. ನೀರು ಕುದಿಯತೊಡಗಿದರೂ ಮೀಟರಿನ ಅಂಕಿ ಅಲ್ಲಾಡಲಿಲ್ಲ. ಸರಿಯಿರುವ ಸೆನ್ಸಾರಾದರೆ ಬಿಸಿ ಏರಿದಂತೆ ಅಂಕಿ ಇಳಿಯಬೇಕು. "ನೋಡಿದ್ರಾ? ಇಂಜಿನ್ ಕಾದು ಕೆಂಡ ಆದ್ರೂ ಇದು ಚಳಿ ಚಳಿ ಅಂತ ಸುಳ್ಳು ಯೇಳ್ತಾ ಐತೆ. ಒಳಗಿನ ಕಂಪ್ಯೂಟ್ರು ನಂಬ್ಕಂಡು ಪೆಟ್ರೋಲ್ ಸುರೀತಾ ಐತೆ. ಸೆಕೇಲಿರೋನಿಗೆ ಕಂಬ್ಳಿ ಒದ್ಸಿದಂಗೆ."

ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಗೆರೆ ಎಳೆದು ಹೇಳುತ್ತಿದ್ದ ಪಾಠ ಅದು. ಬಿಸಿಯಾದಂತೆ ವಿದ್ಯುತ್ ರೋಧ ಇಳಿಯುವ ವಸ್ತು. ಹದಿನೈದು ವರ್ಷ ಹೇಳಿದ್ದೆ, ಒಂದು ದಿನವೂ ಕಣ್ಣಾರೆ ನೋಡಿರಲಿಲ್ಲ. ಮಾರನೇ ವಾರ ಮಾರುಕಟ್ಟೆಯಲ್ಲಿ ಒಂದು ಗಾಜಿನ ಥರ್ಮಾಮೀಟರ್ ಕೊಂಡು ಅವರಿಗೆ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಅಂದಿನಿಂದ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಅಂಕಿಗಳು ಬೆಳೆಯತೊಡಗಿದವು, ಎಷ್ಟು ಬಿಸಿಗೆ ಎಷ್ಟು ಅಂಕಿ ಎಂದು, ಒಂದೊಂದು ಗಾಡಿಗೆ ಒಂದೊಂದು ಪಟ್ಟಿ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟರೆ ನಾನು ಅಲ್ಲೇ. ಸ್ಟೂಲಿನ ಮೇಲೆ ಕೂತು ಥರ್ಮಾಮೀಟರ್ ಓದುವುದು ನನ್ನ ಕೆಲಸ, ಮೀಟರ್ ಓದುವುದು ಅವರದು.

ಇಷ್ಟು ಒಳ್ಳೆಯ ಕೆಲಸಗಾರನಿಗೆ ಗಿರಾಕಿಗಳು ಯಾಕೆ ಕಡಿಮೆ ಎಂದರೆ, ಅವರು "ನಾಳೆ ಬನ್ನಿ" ಎನ್ನುತ್ತಿರಲಿಲ್ಲ. ಲೋಕದಲ್ಲಿ ಯಾವ ಮೆಕ್ಯಾನಿಕ್ಕು, ಯಾವ ದರ್ಜಿ, ಯಾವ ಅಕ್ಕಸಾಲಿ ನಾಳೆ ಬನ್ನಿ ಎನ್ನದೆ ಬದುಕಿದ್ದಾನೆ? ಇವರು ಬದುಕಿದ್ದರು. ಬೇಕಾದ ಸಾಮಾನು ಸಿಗದಿದ್ದರೆ, "ಗಾಡಿ ಇಲ್ಲೇ ಇರ್ತದೆ. ಕೀ ನನ್ನತ್ರ ಇರ್ತದೆ. ನೀವು ಬಸ್ಸಲ್ಲಿ ಓಗಿ" ಅಷ್ಟೇ. ತಾತ್ಕಾಲಿಕವಾಗಿ ಒಂದು ವೈರ್ ಕಟ್ಟಿ ಕಳಿಸಿ ಎಂದು ಗೋಗರೆದರೂ ಇಲ್ಲ, ಬೈದರೂ ಇಲ್ಲ. ನನಗೂ ಆ ಪ್ರಸಾದ ಸಿಕ್ಕಿತ್ತು. ಚನ್ನರಾಯಪಟ್ಟಣದಲ್ಲಿ ನನ್ನ ಭಾವಮೈದುನನ ಗೃಹಪ್ರವೇಶ, ಕಾರು ಇವರ ವಶದಲ್ಲಿ. ಹೆಂಡತಿ ಮಕ್ಕಳ ಜೊತೆ, ತೊಡೆಯ ಮೇಲೆ ಇಡಲೂ ಆಗದಷ್ಟು ದೊಡ್ಡ ಸ್ಟೀಲ್ ಕೊಳಗ ಹಿಡಿದು ಬಸ್ಸಿನಲ್ಲಿ ನಿಂತುಕೊಂಡು ಹೋದೆ. ನಾವು ಹೋಗುವ ಹೊತ್ತಿಗೆ ಹಾಲು ಉಕ್ಕಿ ಆಗಿತ್ತು. ದಾರಿಯುದ್ದಕ್ಕೂ ಆ ಮನುಷ್ಯನಿಗೆ ಹಿಡಿಶಾಪ ಹಾಕಿದೆ, ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಅವರ ಶೆಡ್ಡಿಗೆ ತಪ್ಪದೆ ಬರುತ್ತಿದ್ದವನು ಒಬ್ಬನೇ, ಆ ವ್ಯಾನಿನವನು. ಅರಕಲಗೂಡಿನ ಕಡೆಯವನು, ಸ್ವಂತ ವ್ಯಾನಿನಲ್ಲಿ ಬಾಡಿಗೆ ಓಡಿಸುತ್ತಿದ್ದ. ಗಾಡಿಯಲ್ಲಿ ಏನೂ ಕೆಟ್ಟಿರದಿದ್ದರೂ ಬರುತ್ತಿದ್ದ. ಕಾಲಕಾಲಕ್ಕೆ ಅವರೆಕಾಯಿಯೋ ಆಲೂಗಡ್ಡೆಯೋ ಒಂದು ಚೀಲ ತಂದು, "ಅಣ್ಣ, ಮನೇಗೆ ತಕಂಡೋಗು" ಎಂದು ಮೂಲೆಯಲ್ಲಿಡುತ್ತಿದ್ದ. ಎಲ್ಲರ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಇವರು ಅವನ ಮುಂದೆ ಮಾತ್ರ ಕೈಲಿದ್ದ ಸ್ಪ್ಯಾನರನ್ನೇ ನೋಡುತ್ತಾ, "ಯಾಕ್ಲಾ ತರಕೋದೆ?" ಎಂದು ಗೊಣಗುತ್ತಿದ್ದರು. ಅವನು ಹೋದ ಮೇಲೆ ಆ ಚೀಲವನ್ನು ಬಹಳ ಹೊತ್ತು ಮುಟ್ಟುತ್ತಿರಲಿಲ್ಲ. ಸಂಕೋಚದ ಸ್ವಭಾವ ಎಂದುಕೊಂಡೆ.

ನಿಜ ತಿಳಿದದ್ದು ಒಂದು ತಮಾಷೆಯಿಂದ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಊರೂರಿನ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿದ್ದುದು ಹಲವರಿಗೆ ನೆನಪಿರಬಹುದು. ದೆವ್ವ ಬಂದು ಬಾಗಿಲು ತಟ್ಟುತ್ತದೆ, ಓದಿಕೊಂಡು ವಾಪಸ್ ಹೋಗುತ್ತದೆ, ನಾಳೆ ಬಂದರೆ ಮತ್ತೆ ಅದೇ ಬರಹ. ನಮ್ಮ ಲೇತ್ ಅಂಗಡಿಯವರಿಗೆ ಒಂದು ಶನಿವಾರ ತುಂಟತನ ಬಂದು, ನಾಳೆ ಬಾ ಅನ್ನದ ಈ ಮನುಷ್ಯನ ಬಾಗಿಲಿನ ಮೇಲೆ ದೊಡ್ಡದಾಗಿ "ನಾಳೆ ಬಾ" ಎಂದು ಬರೆದರು. ನಾವಿಬ್ಬರೂ ನಗುತ್ತಾ ಕಾದೆವು. ಇವರು ಊಟ ಮುಗಿಸಿ ಬಂದರು, ಓದಿದರು. ಬೈಯಲಿಲ್ಲ. ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜತೊಡಗಿದರು. ಒದ್ದೆ ಕೈಯಲ್ಲಿ ಒರೆಸಿದರೂ ಹೋಗುವ ಸೀಮೆಸುಣ್ಣ. ಅಕ್ಷರ ಹೋದ ಮೇಲೂ ಉಜ್ಜುತ್ತಲೇ ಇದ್ದರು. ಲೇತ್‌ನವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ನಾನು ಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು, "ಏನು ವಿಷಯ?" ಎಂದೆ.

ಅವರು ಸ್ಟೂಲಿನ ಮೇಲೆ ಕೂತು ಹೇಳಿದರು. ಅವತ್ತಿಗೆ ಹತ್ತು ವರ್ಷದ ಹಿಂದಿನ ಮಾತು. ಆಗ ಈ ವ್ಯಾನಿನವನ ಹತ್ತಿರ ಒಂದು ಹಳೇ ಡೀಸೆಲ್ ವ್ಯಾನ್ ಇತ್ತು. ಅದರ ಆಯಿಲ್ ದೀಪ, ಇಂಜಿನ್ ಎಣ್ಣೆಯ ಒತ್ತಡ ಇಳಿದರೆ ಹತ್ತುವ ಕೆಂಪು ದೀಪ, ಸದಾ ಉರಿಯುತ್ತಿತ್ತು. ಇವರು ಒತ್ತಡ ಅಳೆದು ನೋಡಿದರು, ಸರಿಯಾಗಿತ್ತು. ಕೆಟ್ಟಿದ್ದು ದೀಪ ಹತ್ತಿಸುವ ಸಣ್ಣ ಸ್ವಿಚ್ಚು ಮಾತ್ರ, ಆವತ್ತಿನ ಕಾಲದ ಸೆನ್ಸಾರು. ಹೊಸದು ಹಾಸನದಲ್ಲಿ ಸಿಗಲಿಲ್ಲ. ಅವನಿಗೆ ಮಾರನೇ ಬೆಳಗ್ಗೆ ಮದುವೆ ದಿಬ್ಬಣದ ಬಾಡಿಗೆ. "ಅಣ್ಣ, ಎಣ್ಣಿನ ಕಡೆಯೋರು ಮುಂದುಗಡೆ ಕೂತ್ಕತಾರೆ, ಕೆಂಪು ದೀಪ ನೋಡಿ ಅಪಶಕುನ ಅಂತಾರೆ" ಎಂದು ಅಂಗಲಾಚಿದ. ಇವರು ಸ್ವಿಚ್ಚಿನಿಂದ ವೈರ್ ಕಿತ್ತು, ತುದಿಗೆ ಕರೀ ಟೇಪ್ ಸುತ್ತಿದರು. ದೀಪ ಆರಿತು.

"ಸ್ವಿಚ್ ತರ್ಸಿರ್ತೀನಿ, ನಾಳೆ ಬಾ ಅಂದೆ ಮೇಷ್ಟ್ರೇ. ತರ್ಸಿದ್ದೆ. ಅವ್ನು ಬರ್ಲಿಲ್ಲ. ನಾನೂ ಯೇಳಿ ಕಳಿಸ್ಲಿಲ್ಲ. ದೀಪ ಉರೀತಿದ್ರೆ ತಾನೇ ನೆಪ್ಪಾಗೋದು?"

ನಾಲ್ಕು ತಿಂಗಳ ಮೇಲೆ ಅವನ ತಂಗಿಗೆ ಹೆರಿಗೆ ನೋವು ಬಂತು. ಹಾಸನದ ಆಸ್ಪತ್ರೆಗೆ ಅದೇ ವ್ಯಾನಿನಲ್ಲಿ ಹೊರಟರು. ದಾರಿಯಲ್ಲಿ ಕಲ್ಲು ಬಡಿದು ಇಂಜಿನ್ನಿನ ತಳ ಒಡೆದು ಎಣ್ಣೆಯೆಲ್ಲ ಸೋರಿತು. ದೀಪ ಹತ್ತಿದ್ದರೆ ನಿಲ್ಲಿಸುತ್ತಿದ್ದ, ಒಡೆದ ಜಾಗಕ್ಕೆ ಸೋಪು ಮೆತ್ತಿ, ಎಣ್ಣೆ ಸುರಿದು ಹೇಗೋ ಮುಟ್ಟಿಸುತ್ತಿದ್ದ. ದೀಪ ಹತ್ತಲಿಲ್ಲ. ಇಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತು. ನಡುಮಧ್ಯಾಹ್ನ, ಆ ರಸ್ತೆಯಲ್ಲಿ ಬೇರೆ ಗಾಡಿ ಬರುವ ಹೊತ್ತಲ್ಲ. ಹಾಲಿನ ವ್ಯಾನೊಂದು ಸಿಕ್ಕಿ ಆಸ್ಪತ್ರೆ ಸೇರುವಷ್ಟರಲ್ಲಿ ಬಹಳ ತಡವಾಗಿತ್ತು. ಮಗು ಉಳಿಯಿತು. ತಾಯಿ ಉಳಿಯಲಿಲ್ಲ.

"ಗಾಡಿ ಎಳ್ಕಂಡು ನನ್ನತ್ರನೇ ತಂದ್ರು. ಇಂಜಿನ್ ಬಿಚ್ಚಿದೆ. ನನ್ನ ಟೇಪು ಅಂಗೇ ಇತ್ತು. ಟೇಪ್ ಬಿಚ್ಚಿ, ನಾಕು ತಿಂಗ್ಳಿಂದ ಗೂಡಲ್ಲಿದ್ದ ಒಸಾ ಸ್ವಿಚ್ ಆಕಿ, ವೈರ್ ಸೇರ್ಸ್ಬುಟ್ಟೆ. ಯಾರೂ ನೋಡ್ಲಿಲ್ಲ. ಮೊದ್ಲು ಮಾಡಿದ್ದು ತಪ್ಪು ಮೇಷ್ಟ್ರೇ. ಇದು ಕಳ್ತನ. ಆ ನನ್ಮಗ ಅವರೆಕಾಯಿ ತಂದ್ಕೊಡ್ತಾನೆ, ನಾನು ತಿಂತೀನಿ."

"ಅವನಿಗೆ ಹೇಳಿಬಿಡಿ" ಎಂದೆ. ಹೇಳಿದರೆ ಅವನು ಇನ್ನು ಮುಖ ನೋಡುವುದಿಲ್ಲ ಎಂದರು. ಹೇಳದೆ ಇದ್ದು ನೀವೇ ಅವನ ಮುಖ ನೋಡುತ್ತಿಲ್ಲವಲ್ಲ ಎಂದೆ. ಜಾಣ ಮಾತು ಆಡಿದೆ ಎಂದು ಆಗ ಅನಿಸಿತ್ತು. ಅವರು ಎದ್ದು ಸ್ಟೋವ್ ಹಚ್ಚಿದರು.

ಆಮೇಲೆ ನಾಲ್ಕು ವರ್ಷ ಆ ವಿಷಯ ನಮ್ಮ ನಡುವೆ ಬರಲಿಲ್ಲ. ಹೊಸ ಹೊಸ ಗಾಡಿಗಳು ಬಂದವು, ಸೆನ್ಸಾರುಗಳು ಹೆಚ್ಚಾದವು, ಗೋಡೆ ತುಂಬಿತು. ಅವರ ಕಾಲು ಊದತೊಡಗಿತು, ಎರಡು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು. ಡಾಕ್ಟರಿಗೆ ತೋರಿಸಿ ಎಂದರೆ ನೋಡಾಣ ಎನ್ನುತ್ತಿದ್ದರು. ಎಲ್ಲರ ಗಾಡಿಯ ದೀಪ ನೋಡಿ ಹೇಳುವವರು ತಮ್ಮದನ್ನು ನೋಡಿಕೊಳ್ಳಲಿಲ್ಲ. ನಾನೂ ಒತ್ತಾಯ ಮಾಡಬೇಕಾದಷ್ಟು ಮಾಡಲಿಲ್ಲ. ಹೃದಯ ಸೋತಿದೆ ಎಂದು ಗೊತ್ತಾಗುವ ಹೊತ್ತಿಗೆ ಆಸ್ಪತ್ರೆಯಲ್ಲಿ ಮಲಗಿದ್ದರು.

ಒಂದು ಮಂಗಳವಾರ ಮಧ್ಯಾಹ್ನ ನೋಡಲು ಹೋದೆ. ಹೆಂಡತಿಯನ್ನು ಎಳನೀರು ತರಲು ಕಳಿಸಿ, ದಿಂಬಿನ ಕೆಳಗಿನಿಂದ ಈ ಅಡಿಕೆ ಡಬ್ಬಿ ತೆಗೆದರು. ಒಳಗೆ ತುಕ್ಕು ಹಿಡಿದ ಹಳೇ ಸ್ವಿಚ್ಚು, ಬೆರಳುದ್ದದ ಗಟ್ಟಿಯಾದ ಕರೀ ಟೇಪು. "ನಾನು ಓದ್ಮೇಲೆ ಅವನಿಗೆ ಕೊಟ್ಟು ಎಲ್ಲಾ ಯೇಳ್ಬುಡಿ" ಎಂದರು.

"ನಾನ್ಯಾಕೆ? ನೀವೇ ಹೇಳಬೇಕು" ಎಂದೆ.

ಅವರು ಛಾವಣಿ ನೋಡುತ್ತಾ ಯೋಚಿಸಿದರು. ಮುಖದಲ್ಲಿ ಏನೋ ಸಡಿಲವಾಯಿತು. "ಆಗ್ಲಿ. ಅವ್ನು ನಾಳೆ ಬತ್ತಾನೆ. ನಾಳೆ ಯೇಳ್ಬುಡ್ತೀನಿ. ಡಬ್ಬಿ ನಿಮ್ಮತ್ರ ಇರ್ಲಿ, ಇಲ್ಲಿದ್ರೆ ಇವಳ ಕಣ್ಣಿಗೆ ಬೀಳ್ತದೆ. ನೀವೂ ಬನ್ನಿ, ತನ್ನಿ."

ಅವರ ಬಾಯಿಂದ ನಾಳೆ ಎಂಬ ಮಾತನ್ನು ಹಾಗೆ ಕೇಳಿದ್ದು ಅದೇ ಮೊದಲು. ಮೂರ್ಖ ನಾನು, ಸಂತೋಷಪಟ್ಟೆ. ನಾಳೆ ಬರ್ತೀನಿ ಎಂದು ಎದ್ದೆ. ಮಾರನೇ ದಿನ ಕಾಲೇಜಿನಲ್ಲಿ ಉತ್ತರಪತ್ರಿಕೆಗಳ ಕೆಲಸ ಬಂತು, ಗುರುವಾರ ಹೋದರಾಯಿತು ಅಂದುಕೊಂಡೆ. ಬುಧವಾರ ಬೆಳಗ್ಗೆ ಅವರು ಹೋದರು. ವ್ಯಾನಿನವನು ಆಸ್ಪತ್ರೆಗೆ ಬಂದದ್ದು ಅದಾಗಿ ಒಂದು ಗಂಟೆಗೆ ಎಂದು ಲೇತ್‌ನವರು ಹೇಳಿದರು.

ಭಾನುವಾರ ಡಬ್ಬಿ ಹಿಡಿದು ಅರಕಲಗೂಡಿನ ಬಸ್ ಹತ್ತಿದೆ. ಹೇಗೆ ಶುರು ಮಾಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ, ಒಂದೂ ನಿಲ್ಲಲಿಲ್ಲ. ಸಂಜೆ ನಾಲ್ಕಕ್ಕೆ ಅವನ ಮನೆ ಮುಟ್ಟಿದೆ. ಹದಿನಾಲ್ಕರ ಹುಡುಗಿಯೊಬ್ಬಳು ನೀರು ತಂದುಕೊಟ್ಟು, "ಮಾವ, ಯಾರೋ ಬಂದವ್ರೆ" ಎಂದು ಅವನನ್ನು ಕರೆದಳು. ಅವಳು ಯಾರೆಂದು ಕೇಳಬೇಕಾಗಿರಲಿಲ್ಲ. ನಾನು ಅವನನ್ನು ಜಗಲಿಯ ಆ ತುದಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಟೇಪು, ನಾಳೆ ಬಾ, ಆಮೇಲೆ ಕದ್ದು ಹಾಕಿದ ಹೊಸ ಸ್ವಿಚ್ಚು. ಡಬ್ಬಿ ತೆಗೆದು ಅವನ ಕೈಗಿಟ್ಟೆ. ಏಟು ಬಿದ್ದರೂ ತಿನ್ನಲು ತಯಾರಾಗಿದ್ದೆ.

ಅವನು ಸ್ವಿಚ್ಚನ್ನು ಹೊರಳಿಸಿ ನೋಡಿದ. "ಗೊತ್ತಿತ್ತು ಸಾ" ಎಂದ.

"ಏನು ಗೊತ್ತಿತ್ತು?"

"ಗಾಡಿ ನಿಂತ್ಕಂಡಾಗ ಬಾನೆಟ್ ಎತ್ತಿದ್ನಲ್ಲ, ಆವತ್ತೇ ಟೇಪ್ ನೋಡಿದ್ದೆ. ವಾಪಸ್ ಬಂದಾಗ ಒಸಾ ಸ್ವಿಚ್ಚಿತ್ತು. ಅಣ್ಣ ನನ್ನ ಮಾನ ಉಳ್ಸವ್ನೆ ಅನ್ಕಂಡೆ." ಅವನ ದನಿ ಇಳಿಯಿತು. "ನಾಳೆ ಬಾ ಅಂದಿದ್ದ. ನಾನು ಓಗ್ಲಿಲ್ಲ. ನಾಕು ತಿಂಗ್ಳು ಓಗ್ಲಿಲ್ಲ. ದೀಪ ಆರೈತಲ್ಲ, ಇನ್ನೇನು ಅಂತ. ಯಾಕ್ಲಾ ಬರ್ಲಿಲ್ಲ ಅಂತ ಅಣ್ಣ ಒಂದ್ ಮಾತು ಕೇಳಿದ್ರೆ, ಅವ್ವನ ಮುಂದೆ ಭಾವನ ಮುಂದೆ ನಾನು ಸತ್ತಂಗೆ. ಅವ್ನು ಕೇಳ್ಲೇ ಇಲ್ಲ ಸಾ. ಅದಕ್ಕೇ ಅವರೆಕಾಯಿ ತಕಂಡೋಗ್ತಿದ್ದೆ."

ಹದಿನಾಲ್ಕು ವರ್ಷ ಇಬ್ಬರೂ ಎದುರುಬದುರು ಕೂತು, ಇವನು ಅವರ ಬಾಯಿಗೆ ಹೆದರಿ, ಅವರು ಇವನ ಕಣ್ಣಿಗೆ ಹೆದರಿ, ಒಂದೇ ಹೆಣವನ್ನು ಬೇರೆ ಬೇರೆಯಾಗಿ ಹೊತ್ತಿದ್ದರು. ಯಾರೊಬ್ಬರು ಬಾಯಿ ಬಿಟ್ಟಿದ್ದರೂ ಇಬ್ಬರಿಗೂ ಒಂದಿಷ್ಟು ಹಗುರವಾಗುತ್ತಿತ್ತು.

ಅವನು ಸ್ವಿಚ್ಚನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ. "ಅತ್ತಿಗೆಗೆ ಗೊತ್ತಾ ಇದು?"

"ಇಲ್ಲ. ಅವರ ಮನೆಯವರಿಗೆ ಏನೂ ಹೇಳಿಲ್ಲ."

"ಅತ್ತಿಗೆಗೆ ಯೇಳ್ಬೇಕು ಸಾ. ತಪ್ಪು ನಂದೂ ಐತೆ ಅಂತ ಯೇಳ್ಬೇಕು."

"ಸಂಜೆ ಆಯ್ತಪ್ಪ" ಎಂದೆ. "ನಾಳೆ..."

ಮಾತು ನನ್ನ ಬಾಯಲ್ಲೇ ನಿಂತಿತು. ಅವನು ನನ್ನನ್ನು ನೋಡಲೂ ಇಲ್ಲ, ಗೋಡೆಯ ಮೊಳೆಯಿಂದ ಕೀಲಿ ತೆಗೆದುಕೊಂಡಾಗಿತ್ತು. "ಗಾಡಿ ಅತ್ತಿ ಸಾ" ಎಂದ.

ವ್ಯಾನಿನಲ್ಲಿ ಅವನ ಪಕ್ಕ ಕೂತೆ. ಕೀಲಿಯನ್ನು ಅರ್ಧ ತಿರುಗಿಸಿ ಕೈ ತೆಗೆದ. ಫಲಕದ ದೀಪಗಳೆಲ್ಲ ಹತ್ತಿದವು. ಇಂಜಿನ್ ಚಾಲೂ ಆಯಿತು. ಎಣ್ಣೆಯ ಕೆಂಪು ದೀಪ ಒಂದು ಗಳಿಗೆ ತಡೆದು ಆರಿತು. ಅದು ಆರುವವರೆಗೂ ಅವನು ಗೇರಿಗೆ ಕೈ ಹಾಕಲಿಲ್ಲ.